ಕೊಂಬೆ ಮುರಿದ ಆ ಟೇಕ್

ಕಳೆದ ಸಂಚಿಕೆಯಲ್ಲಿ ಜಾಕಿ ಚಾನ್‌ನ ‘ಆರ್ಮರ್ ಆಫ್ ಗಾಡ್’ ನೋಡಿ ಅನಿಸಿದ್ದನ್ನು ಬರೆಯಿರಿ ಎಂದು ಕೇಳಿದ್ದೆ. ಬಂದ ಪತ್ರಗಳನ್ನು ಮೂರು ದಿನ ಕೂತು ಓದಿದೆ. ಕೆಲವರು ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು ಅಂದಿದ್ದಾರೆ, ಕೆಲವರು ಜಗಳಕ್ಕೇ ಬಂದಿದ್ದಾರೆ. ಚಿತ್ರ ನೋಡದವರಿಗಾಗಿ ಕಥೆ ಇಷ್ಟು: ಏಷ್ಯನ್ ಹಾಕ್ ಎಂಬ ಅಡ್ಡಹೆಸರಿನ ಸಾಹಸಿಯೊಬ್ಬ ಹಳೆಯ ನಿಧಿಗಳನ್ನು ಹುಡುಕಿ ಮಾರುತ್ತಾನೆ. ಅವನ ಗೆಳೆಯನ ಹುಡುಗಿಯನ್ನು ಸನ್ಯಾಸಿ ವೇಷದ ದುಷ್ಟಕೂಟವೊಂದು ಎತ್ತಿಕೊಂಡು ಹೋಗುತ್ತದೆ. ಅವಳನ್ನು ಬಿಡಿಸಬೇಕಾದರೆ ಪುರಾತನ ದೇವಕವಚದ ತುಂಡುಗಳನ್ನು ತಂದುಕೊಡಬೇಕು. ಗೆಳೆಯನನ್ನು ಕಟ್ಟಿಕೊಂಡು ಜಾಕಿ ಹೊರಡುತ್ತಾನೆ.

ಪ್ರ: ಫೈಟು ಬಿಟ್ಟರೆ ಇದರಲ್ಲಿ ಏನಿದೆ? ಮಧ್ಯದಲ್ಲಿ ನನಗೆ ನಿದ್ದೆ ಬಂತು.

ಉ: ಮಧ್ಯ ಭಾಗ ಜಗ್ಗುತ್ತದೆ, ಒಪ್ಪಿದೆ. ಗೆಳೆಯನಾಗಿ ಅಲನ್ ಟ್ಯಾಮ್ ಮಾಡುವ ಪೇಚಾಟದ ಹಾಸ್ಯ ಹಾಂಗ್‌ಕಾಂಗ್ ಪ್ರೇಕ್ಷಕರಿಗೆ ಹಿಡಿಸಿರಬಹುದು. ಆತ ಅಲ್ಲಿ ದೊಡ್ಡ ಗಾಯಕ, ತೆರೆಯ ಮೇಲೆ ಸುಮ್ಮನೆ ಬಂದು ನಿಂತರೂ ಜನಕ್ಕೆ ಖುಷಿ. ಇಪ್ಪತ್ತು ವರ್ಷ ಎಡಿಟಿಂಗ್ ಟೇಬಲ್ ಮುಂದೆ ಕೂತವನಾಗಿ ಹೇಳುತ್ತೇನೆ, ನನ್ನ ಕೈಗೆ ಸಿಕ್ಕಿದ್ದರೆ ಅಲ್ಲಿ ಹತ್ತು ನಿಮಿಷ ಕತ್ತರಿಸುತ್ತಿದ್ದೆ.

ಪ್ರ: ಈಗಿನ ದೊಡ್ಡ ಬಜೆಟ್ ಚಿತ್ರಗಳಲ್ಲಿ ಯಾರು ಯಾರಿಗೆ ಹೊಡೆದರು ಅನ್ನುವುದೇ ತಿಳಿಯುವುದಿಲ್ಲ. ಇದರಲ್ಲಿ ಪ್ರತಿ ಏಟೂ ನನ್ನ ಮೈಗೇ ಬಿದ್ದಂತಾಯಿತು. ಹೇಗೆ?

ಉ: ಈ ಪ್ರಶ್ನೆಗಾಗಿ ನಾನು ಕಾಯುತ್ತಿದ್ದೆ. ಕೊನೆಯಲ್ಲಿ ನಾಲ್ವರು ಹೆಂಗಸರು ಹೈ ಹೀಲ್ಸ್ ಹಾಕಿಕೊಂಡು ಜಾಕಿಯನ್ನು ಒದೆಯುವ ಫೈಟನ್ನು ಇನ್ನೊಮ್ಮೆ ಹಾಕಿ ನೋಡಿ. ಮೊದಲು ಕ್ಯಾಮೆರಾ ಗಮನಿಸಿ. ಅದು ಓಡಾಡುವುದು ಕಡಿಮೆ, ಸ್ವಲ್ಪ ದೂರದಲ್ಲಿ ನಿಂತು ತಲೆಯಿಂದ ಕಾಲಿನವರೆಗೆ ಆಳನ್ನು ತೋರಿಸುತ್ತದೆ. ಒದ್ದವರು, ಒದೆಸಿಕೊಂಡವನು ಇಬ್ಬರೂ ಒಂದೇ ಚೌಕಟ್ಟಿನಲ್ಲಿರುತ್ತಾರೆ.

ಇನ್ನು ಕತ್ತರಿಯ ಕೆಲಸ. ಒದೆ ಎದೆಗೆ ತಗಲುವುದನ್ನು ಒಂದು ಶಾಟ್‌ನಲ್ಲಿ ತೋರಿಸಿ, ಅದೇ ಒದೆಯ ಇನ್ನೊಂದು ಕೋನಕ್ಕೆ ಹೋಗುತ್ತಾರೆ ಅನ್ನಿ. ಸಾಮಾನ್ಯವಾಗಿ ನಾವು ಎರಡನೇ ಶಾಟನ್ನು ಮೊದಲನೆಯದು ಬಿಟ್ಟ ಕಡೆಯಿಂದಲೇ ಎತ್ತಿಕೊಳ್ಳುತ್ತೇವೆ. ಹಾಂಗ್‌ಕಾಂಗ್‌ನವರು ಹಾಗೆ ಮಾಡದೆ ಮೂರ್ನಾಲ್ಕು ಫ್ರೇಮ್, ಅಂದರೆ ಸುರುಳಿಯ ಮೂರ್ನಾಲ್ಕು ಬಿಡಿ ಚಿತ್ರಗಳಷ್ಟು, ಹಿಂದಕ್ಕೆ ಹೋಗಿ ಹಿಡಿಯುತ್ತಾರೆ. ಅಂದರೆ ಒದೆ ಎರಡು ಸಲ ತಗಲುತ್ತದೆ. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಮೂರು ಫ್ರೇಮ್ ಎಂದರೆ ಸೆಕೆಂಡಿನ ಎಂಟನೇ ಒಂದು ಭಾಗ. ಕಣ್ಣಿಗೆ ಗೊತ್ತೇ ಆಗದು, ಆದರೆ ಎದೆಗೆ ಗೊತ್ತಾಗುತ್ತದೆ. ಮೊದಲ ಸಲ ಇದನ್ನು ಫ್ರೇಮ್ ಫ್ರೇಮಾಗಿ ಎಣಿಸಿ ಕಂಡುಕೊಂಡ ರಾತ್ರಿ ನನಗೆ ನಿದ್ದೆ ಹತ್ತಿರಲಿಲ್ಲ.

ಪ್ರ: ಶುರುವಿನಲ್ಲಿ ಜಾಕಿಯ ಕೂದಲು ಗಿಡ್ಡ. ಮುಂದೆ ಉದ್ದ. ಇಷ್ಟು ದೊಡ್ಡ ತಪ್ಪನ್ನು ಯಾರೂ ನೋಡಲಿಲ್ಲವೇ?

ಉ: ಕಣ್ಣು ಚುರುಕಾಗಿದೆ ನಿಮ್ಮದು. ಅದು ಮರೆವಿನಿಂದ ಆದದ್ದಲ್ಲ. 1986ರಲ್ಲಿ ಯುಗೊಸ್ಲಾವಿಯಾದಲ್ಲಿ ಚಿತ್ರೀಕರಣ ನಡೆಯುತ್ತಿತ್ತು. ಗೋಡೆಯ ಮೇಲಿಂದ ಮರದ ಕೊಂಬೆಗೆ ಹಾರುವ ಶಾಟ್. ಮೊದಲ ಟೇಕ್ ಸರಿಯಾಗಿಯೇ ಬಂದಿತ್ತು. ಜಾಕಿಗೆ ಸಮಾಧಾನವಾಗದೆ ಮತ್ತೊಮ್ಮೆ ಹಾರಿದ. ಕೊಂಬೆ ಮುರಿಯಿತು, ಕೆಳಗಿನ ಕಲ್ಲಿಗೆ ತಲೆ ಬಡಿಯಿತು. ತಲೆಬುರುಡೆ ಒಡೆದು ಕಿವಿಯಿಂದ ರಕ್ತ ಬಂತು, ತುರ್ತಾಗಿ ಮಿದುಳಿನ ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. ಒಂದು ಕಿವಿಯ ಕೇಳುವ ಶಕ್ತಿ ಇವತ್ತಿಗೂ ಪೂರ್ತಿ ಬಂದಿಲ್ಲ. ಅಲ್ಲಿಯವರೆಗೆ ಎರಿಕ್ ತ್ಸಾಂಗ್ ನಿರ್ದೇಶಿಸುತ್ತಿದ್ದ ಚಿತ್ರವನ್ನು ಚೇತರಿಸಿಕೊಂಡ ಮೇಲೆ ಜಾಕಿಯೇ ವಹಿಸಿಕೊಂಡು ಮುಗಿಸಿದ. ಗಿಡ್ಡ ಕೂದಲಿನ ಭಾಗ ಬೀಳುವುದಕ್ಕೆ ಮುಂಚಿನದು, ಉದ್ದ ಕೂದಲಿನದು ಆಮೇಲಿನದು. ಇಡೀ ಚಿತ್ರವನ್ನು ಆ ಕೂದಲು ನೋಡಿಕೊಂಡೇ ಎರಡು ಪಾಲು ಮಾಡಬಹುದು.

ಪ್ರ: ಕೊನೆಯಲ್ಲಿ ಹೆಸರುಗಳು ಬರುವಾಗ ಬಿದ್ದದ್ದು, ಏಟಾದದ್ದು ಎಲ್ಲ ತೋರಿಸುತ್ತಾರೆ. ಅಷ್ಟು ಹೊತ್ತು ನಗುತ್ತಿದ್ದ ನನಗೆ ಅದನ್ನು ನೋಡಿ ತಪ್ಪಿತಸ್ಥಳಂತೆ ಅನಿಸಿತು. ಇನ್ನೊಬ್ಬರ ನೋವು ತೋರಿಸಿ ಟಿಕೆಟ್ ಮಾರುವುದು ಸರಿಯೇ?

ಉ: ಎಲ್ಲ ಪತ್ರಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಹಿಡಿದು ಕೂರಿಸಿದ್ದು ನಿಮ್ಮದು. ಇದಕ್ಕೆ ನನ್ನದೇ ಒಂದು ಸಂಗತಿ ಹೇಳಬೇಕು. ವರ್ಷಗಳ ಹಿಂದೆ ನಾನು ಎಡಿಟ್ ಮಾಡುತ್ತಿದ್ದ ಚಿತ್ರವೊಂದರಲ್ಲಿ ನಾಯಕ ಮಹಡಿ ಮೆಟ್ಟಿಲ ಮೇಲಿಂದ ಉರುಳುವ ದೃಶ್ಯವಿತ್ತು. ಉರುಳಿದವನು ಡ್ಯೂಪ್, ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗ. ನಾಲ್ಕನೇ ಟೇಕಿನಲ್ಲಿ ಅವನ ಭುಜದ ಕೀಲು ತಪ್ಪಿತು. ಅದೇ ಟೇಕ್ ಎಲ್ಲಕ್ಕಿಂತ ಚೆನ್ನಾಗಿತ್ತು. ಭುಜ ನೆಲಕ್ಕೆ ತಗಲಿದ ಮೇಲೆ ಅವನ ಬಾಯಿ ತೆರೆದುಕೊಳ್ಳುತ್ತದೆ, ಅದಕ್ಕೆ ಎರಡು ಫ್ರೇಮ್ ಮುಂಚೆ ನಾನು ಕತ್ತರಿಸಿ ನಾಯಕನ ಮುಖದ ಕ್ಲೋಸಪ್‌ಗೆ ಹೋದೆ. ನಾಯಕ ಎದ್ದು ಮೈ ಕೊಡವಿಕೊಂಡ, ಜನ ಶಿಳ್ಳೆ ಹಾಕಿದರು. ಆ ಹುಡುಗನ ಹೆಸರು ಚಿತ್ರದಲ್ಲಿ ಎಲ್ಲೂ ಬರಲಿಲ್ಲ. ಕತ್ತರಿಸಿದ ಕೈ ನನ್ನದೇ.

ಜಾಕಿ ಆ ಎರಡು ಫ್ರೇಮ್‌ಗಳನ್ನು ಎಸೆಯುವುದಿಲ್ಲ. ಕೊಂಬೆಯಿಂದ ಬಿದ್ದದ್ದನ್ನೂ ಸುತ್ತಲಿನವರು ಗಾಬರಿಯಿಂದ ಓಡಿ ಬಂದದ್ದನ್ನೂ ಅವನು ಚಿತ್ರದ ಬಾಲಕ್ಕೆ ಅಂಟಿಸಿದ್ದಾನೆ. ಅಲ್ಲಿ ಜಾಕಿಯ ಜೊತೆ ಅವನ ಸ್ಟಂಟ್ ತಂಡದವರೂ ಬೀಳುತ್ತಾರೆ, ಅವರ ಮುಖಗಳೂ ಕಾಣುತ್ತವೆ. ನಿಮಗೆ ಆದ ಸಂಕಟ ನಿಜವಾದದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಟೇಕ್ ಚೆನ್ನಾಗಿ ಬಂದಮೇಲೂ ಮತ್ತೊಮ್ಮೆ ಹಾರಿದ್ದು ತಪ್ಪು, ಯಾವ ಶಾಟಿಗೂ ಒಂದು ತಲೆಬುರುಡೆಯ ಬೆಲೆ ಇಲ್ಲ. ಆದರೆ ಏಟಾದಮೇಲೆ ಅದನ್ನು ಮುಚ್ಚಿಡುವುದೋ ತೋರಿಸುವುದೋ ಎಂದು ಕೇಳಿದರೆ ತೋರಿಸಬೇಕು ಅನ್ನುತ್ತೇನೆ.

ಪ್ರ: ನಾನು ಕರಾಟೆ ಕಲಿಸುತ್ತೇನೆ. ಸಮರಕಲೆಯನ್ನು ಕೋಡಂಗಿಯಾಟ ಮಾಡಿದ್ದಾರೆ ಎಂದು ಬೇಸರವಾಯಿತು.

ಉ: ಗುರುಗಳೇ, ಆ ಆಟದ ಹಿಂದಿನ ಶಿಸ್ತನ್ನು ಒಮ್ಮೆ ನೋಡಿ. ಜಾಕಿ ಸಣ್ಣವನಿದ್ದಾಗಲೇ ಹಾಂಗ್‌ಕಾಂಗ್‌ನ ಚೈನಾ ಡ್ರಾಮಾ ಅಕಾಡೆಮಿ ಸೇರಿ ಯು ಜಿಮ್ ಯುವೆನ್ ಎಂಬ ಗುರುವಿನ ಕೈಕೆಳಗೆ ಸುಮಾರು ಹತ್ತು ವರ್ಷ ಪೀಕಿಂಗ್ ಒಪೆರಾ ಎಂಬ ಚೀನೀ ರಂಗಕಲೆ ಕಲಿತವನು. ಲಾಗ, ಹಾಡು, ಆಯುಧ, ಮುಖಾಭಿನಯ ಎಲ್ಲವೂ ಅದರಲ್ಲಿ ಸೇರಿತ್ತು, ಬೆತ್ತದ ಏಟೂ ಧಾರಾಳವಾಗಿತ್ತು. ಸಾಮೊ ಹಂಗ್, ಯುವೆನ್ ಬಿಯಾವೊ ಅವನ ಸಹಪಾಠಿಗಳು. ಆ ರಂಗಭೂಮಿಯಲ್ಲಿ ಕಾಳಗ ಮತ್ತು ವಿದೂಷಕತನ ಒಂದೇ ಮೈಯಲ್ಲಿ ಇರುತ್ತವೆ. 1973ರಲ್ಲಿ ಬ್ರೂಸ್ ಲೀ ತೀರಿಕೊಂಡ ಮೇಲೆ ನಿರ್ಮಾಪಕರು ಜಾಕಿಯನ್ನೂ ಇನ್ನೊಬ್ಬ ಬ್ರೂಸ್ ಲೀ ಮಾಡಲು ಹೋದರು, ಆ ಚಿತ್ರಗಳು ಓಡಲಿಲ್ಲ. 1978ರಲ್ಲಿ ಯುವೆನ್ ವೂ ಪಿಂಗ್ ನಿರ್ದೇಶನದ ‘ಡ್ರಂಕನ್ ಮಾಸ್ಟರ್’ನಲ್ಲಿ ಅವನು ಪೆಟ್ಟು ತಿಂದು ಕಿರುಚಿದ, ಗುದ್ದಿದ ಮೇಲೆ ಕೈ ನೋಯಿತೆಂದು ಕೊಡವಿಕೊಂಡ, ಜನ ಅವನನ್ನು ಅಪ್ಪಿಕೊಂಡರು. ನಿಮ್ಮ ಶಿಷ್ಯರಲ್ಲಿ ಮೊದಲ ದಿನವೇ ಮುಷ್ಟಿ ನೋಯಲಿಲ್ಲ ಅಂದವರು ಎಷ್ಟು ಜನ, ನೀವೇ ಹೇಳಿ.

ಪ್ರ: ಆರಂಭದಲ್ಲಿ ಆಫ್ರಿಕಾದ ಬುಡಕಟ್ಟು ಜನರನ್ನು ತೋರಿಸಿದ ರೀತಿ ನನಗೆ ಹಿಡಿಸಲಿಲ್ಲ.

ಉ: ನನಗೂ ಇಲ್ಲ. ಅವರನ್ನು ಮನುಷ್ಯರಂತಲ್ಲ, ಓಡಿಸಿಕೊಂಡು ಬರುವ ಗುಂಪಿನಂತೆ ಬಳಸಿದ್ದಾರೆ. ಆ ಕಾಲ ಹಾಗಿತ್ತು ಅನ್ನುವ ಸಮಜಾಯಿಷಿ ಕೊಡಲಾರೆ. ಜಾಕಿ ನನ್ನ ಪ್ರೀತಿಯ ನಟನಾದ್ದರಿಂದಲೇ ಅದು ಹೆಚ್ಚು ಚುಚ್ಚುತ್ತದೆ.

ಪ್ರ: ಚಿತ್ರ ನೋಡಿದಾಗಿನಿಂದ ನನ್ನ ಏಳು ವರ್ಷದ ಮಗ ಮಂಚದಿಂದ ಕಿಟಕಿಗೆ ಹಾರುತ್ತಿದ್ದಾನೆ. ಇನ್ನು ಇಂಥದ್ದನ್ನು ತೋರಿಸಬಾರದೇನೋ?

ಉ: ತೋರಿಸಿ ಅಮ್ಮಾ, ಪಕ್ಕದಲ್ಲಿ ಕೂತು ತೋರಿಸಿ. ಕಥೆ ಮುಗಿಯಿತೆಂದು ಟಿವಿ ಆರಿಸಬೇಡಿ. ಹೆಸರುಗಳು ಬರುವಾಗ ಅವನನ್ನು ಮಡಿಲಲ್ಲಿ ಕೂರಿಸಿಕೊಂಡು ಆ ಮರದ ಶಾಟ್ ಬರುವವರೆಗೆ ಕಾಯಿರಿ. ಬಿದ್ದ ಮೇಲೆ ಜಾಕಿ ಎದ್ದನೇ ಎಂದು ಅವನೇ ಕೇಳುತ್ತಾನೆ. ತಕ್ಷಣ ಏಳಲಿಲ್ಲ, ಆಸ್ಪತ್ರೆಗೆ ಹೋಗಬೇಕಾಯಿತು, ಒಂದು ಕಿವಿ ಇನ್ನೂ ಸರಿಯಾಗಿ ಕೇಳುವುದಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿ. ಅಲ್ಲಿಯವರೆಗೆ ಮಂಚವನ್ನು ಕಿಟಕಿಯಿಂದ ಸ್ವಲ್ಪ ದೂರ ಸರಿಸಿಡಿ.