ರೆಡಿಂಗ್‌ಗೆ ಬಂದಿಳಿದ ತಂಗಿಗೆ: ಹಾಲು ಮೊಸರಿಲ್ಲದ ವಾರದ ಅಡುಗೆ

ಅಕ್ಕ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ಸ್ವಲ್ಪ ಸಲಿಗೆಯಿಂದಲೇ ಬರೆಯುತ್ತೇನೆ. ದಾವಣಗೆರೆಯಿಂದ ಇಂಗ್ಲೆಂಡಿನ ರೆಡಿಂಗ್ ಊರಿಗೆ ಈಗಷ್ಟೇ ಬಂದಿದ್ದೀರಿ, ಇಬ್ಬರಿಗೂ ಕೆಲಸ, ನಾಲ್ಕು ಮತ್ತು ಒಂಬತ್ತು ವರ್ಷದ ಮಕ್ಕಳು, ಊರಲ್ಲೇ ಹಾಲು ತುಪ್ಪ ಬಿಟ್ಟು ಮನೆಯೆಲ್ಲಾ ವೀಗನ್. ಸಂಜೆ ಆರೂವರೆಗೆ ಮನೆ ಸೇರಿ ಏಳೂಕಾಲಿಗೆ ಏನು ಬಡಿಸೋದು, ಸ್ಕೂಲ್ ಡಬ್ಬಿಗೆ ಏನು, ಇಡ್ಲಿ ಹಿಟ್ಟು ಯಾಕೆ ಉಬ್ಬುತ್ತಿಲ್ಲ, ಪ್ರೋಟೀನ್ ಸಾಕಾಗುತ್ತಾ, ಅಮ್ಮ ಬರುವಾಗ ಏನು ತರಿಸಲಿ. ಇವಿಷ್ಟು ನಿಮ್ಮ ಪ್ರಶ್ನೆ. ನಾವು ಬಂದ ಹೊಸತರಲ್ಲಿ ಒಂದು ಹಿಡಿ ಕರಿಬೇವಿಗೆ ಲಂಡನ್ನಿನ ಸೌತಾಲ್‌ವರೆಗೆ ಹೋಗಬೇಕಿತ್ತು. ಈಗ ಸಾಮಾನಿನ ಚಿಂತೆ ಅಷ್ಟಿಲ್ಲ, ಚಿಂತೆ ಬೇರೆ ಕಡೆ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಬೇಳೆ. ಇಲ್ಲಿನ ಇಂಡಿಯನ್ ಅಂಗಡಿಯಲ್ಲಿ ತೊಗರಿಬೇಳೆ ಎರಡು ಥರ: ಒಣದು ಮತ್ತು ಎಣ್ಣೆ ಸವರಿದ್ದು. ಎಣ್ಣೆಯದು ಕೈಗೆ ಸಿಕ್ಕರೆ ಬಿಸಿನೀರಲ್ಲೇ ತೊಳೆಯಿರಿ, ನೀರಿನ ಜಿಡ್ಡು ಹೋಗುವವರೆಗೆ. ಇನ್ನೊಂದು, ರೆಡಿಂಗ್ ಸುತ್ತಮುತ್ತ ನೀರು ತುಂಬಾ ಗಡಸು, ಕೆಟಲ್ ತಳದಲ್ಲಿ ಬಿಳಿ ಸುಣ್ಣ ಕಟ್ಟುವುದನ್ನು ನೋಡಿರುತ್ತೀರಿ. ಆ ಸುಣ್ಣವೇ ಬೇಳೆ ಮೆತ್ತಗಾಗದಂತೆ ಹಿಡಿದಿಡುತ್ತದೆ. ಊರಲ್ಲಿ ಮೂರು ಕೂಗಿಗೆ ಬೇಯುತ್ತಿದ್ದ ಬೇಳೆ ಇಲ್ಲಿ ಐದಾದರೂ ಕಾಳು ಕಾಳಾಗಿಯೇ ಉಳಿದರೆ ಕುಕ್ಕರನ್ನು ಬೈಯಬೇಡಿ. ಒಂದು ಕಪ್ ಬೇಳೆಗೆ ಮೂರು ಕಪ್ ನೀರು, ಅದೂ ಜಗ್ ಫಿಲ್ಟರಿನದು. ಅರ್ಧ ಗಂಟೆ ನೆನೆಸಿ, ಅರಿಶಿನ, ಒಂದು ಚಮಚ ಎಣ್ಣೆ. ಹುಣಸೆ, ಟೊಮೇಟೊ ಬೇಳೆ ಬೆಂದ ಮೇಲೆಯೇ, ಹುಳಿ ಮುಂಚೆ ಬಿದ್ದರೆ ಬೇಯುವುದು ಇನ್ನೂ ತಡ. ಅಡುಗೆ ಸೋಡಾ ಹಾಕುವುದಾದರೆ ಒಂದು ಚಿಟಿಕೆ ಸಾಕು, ಹೆಚ್ಚಾದರೆ ಸೋಪಿನ ರುಚಿ ಬರುತ್ತದೆ.

ಭಾನುವಾರ ಎರಡು ಕಪ್ ಬೇಯಿಸಿ, ಸಣ್ಣ ಡಬ್ಬಿಗಳಲ್ಲಿ ಒಂದೊಂದು ಹೊತ್ತಿಗೆ ಆಗುವಷ್ಟು ಫ್ರೀಜರಿಗೆ ಹಾಕಿಡಿ. ಬುಧವಾರ ಸಂಜೆ ಆ ಡಬ್ಬಿ ನೇರ ಪಾತ್ರೆಗೆ, ಎರಡು ಚಮಚ ಸಾರಿನ ಪುಡಿ, ಹುಣಸೆ ರಸ, ಚೂರು ಬೆಲ್ಲ. ಅನ್ನ ಆಗುವಷ್ಟರಲ್ಲಿ ಸಾರು ಕುದಿದಿರುತ್ತದೆ. ಡಬ್ಬಿ ಖಾಲಿಯಾದ ದಿನ ಮಸೂರ್ ಬೇಳೆ, ಅದು ನೆನೆಸದೆಯೇ ಇಪ್ಪತ್ತು ನಿಮಿಷದಲ್ಲಿ ಕರಗುತ್ತದೆ. ಸಾಸಿವೆ ಸಿಡಿಸುವಾಗ ಹುಡ್ ಫ್ಯಾನ್ ಹಾಕಿ, ಮುಚ್ಚಳ ಹಿಡಿದುಕೊಳ್ಳಿ. ಹೊಗೆ ಅಲಾರಂ ಕೂಗಿತು ಅಂತ ಅದರ ಬ್ಯಾಟರಿ ಮಾತ್ರ ತೆಗೆಯಬೇಡಿ.

ಅನ್ನದ ವಿಷಯದಲ್ಲಿ ಊರಿನ ಅಭ್ಯಾಸವೊಂದನ್ನು ಬಿಡಬೇಕು. ರಾತ್ರಿಯ ಅನ್ನ ಪಾತ್ರೆಯಲ್ಲೇ ಬಿಟ್ಟು ಬೆಳಿಗ್ಗೆ ಚಿತ್ರಾನ್ನ ಕಲೆಸುವುದು ನಮಗೆಲ್ಲ ರೂಢಿ. ಬೆಂದ ಅನ್ನದಲ್ಲಿ ಸಾಯದೆ ಉಳಿಯುವ ಬ್ಯಾಕ್ಟೀರಿಯಾ ಬೀಜಕಣಗಳು ಬೆಚ್ಚಗಿದ್ದಷ್ಟು ಹೊತ್ತೂ ಬೆಳೆಯುತ್ತವೆ, ಅವು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಆಹಾರ ಸುರಕ್ಷತೆ ನೋಡಿಕೊಳ್ಳುವ ಇಲ್ಲಿನ ಫುಡ್ ಸ್ಟ್ಯಾಂಡರ್ಡ್ಸ್ ಏಜೆನ್ಸಿ ಹೇಳುವುದು: ಒಂದು ಗಂಟೆಯೊಳಗೆ ಆರಿಸಿ ಫ್ರಿಜ್ಜಿಗೆ, 24 ಗಂಟೆಯೊಳಗೆ ಖಾಲಿ. ತಟ್ಟೆಯಲ್ಲಿ ಹರಡಿದರೆ ಬೇಗ ಆರುತ್ತದೆ. ಹಾಗೆಯೇ ರಾಜ್ಮಾವನ್ನು ಸ್ಲೋ ಕುಕ್ಕರಿಗೆ ಹಸಿಯಾಗಿ ಹಾಕಿ ಕೆಲಸಕ್ಕೆ ಹೋಗಬೇಡಿ. ಆ ಕಾವು ಅದರ ವಿಷ ಮುರಿಯಲು ಸಾಲದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಬೇಕು. ಅಂಗಡಿಯ ಟಿನ್ನಿನ ಬೆಂದ ರಾಜ್ಮಾ ಆದರೆ ಈ ತಾಪತ್ರಯವಿಲ್ಲ.

ಉಳಿದ ಸಂಜೆಗಳಿಗೆ ಖಾರ ಪೊಂಗಲ್: ಮುಕ್ಕಾಲು ಕಪ್ ಅಕ್ಕಿ, ಮುಕ್ಕಾಲು ಕಪ್ ಹೆಸರುಬೇಳೆ, ಐದು ಕಪ್ ನೀರು, ನಾಲ್ಕು ಕೂಗು. ತುಪ್ಪದ ಬದಲು ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಜೀರಿಗೆ, ಕುಟ್ಟಿದ ಮೆಣಸು, ಶುಂಠಿ, ಗೋಡಂಬಿ. ಇನ್ನೊಂದು ದಿನ ತೋಫು, ಅಂದರೆ ಸೋಯಾ ಹಾಲಿನ ಪನೀರಿನಂಥದ್ದರ ಪಲ್ಯ. 280 ಗ್ರಾಂನ ಗಟ್ಟಿ ತೋಫು ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಹತ್ತು ನಿಮಿಷ ಭಾರ ಹೇರಿ. ನೀರು ಹೋಗದಿದ್ದರೆ ಹುರಿಯುವ ಬದಲು ಬೇಯುತ್ತದೆ, ಮಕ್ಕಳು ಮುಟ್ಟುವುದಿಲ್ಲ. ಕೈಯಲ್ಲಿ ಪುಡಿ ಮಾಡಿ, ಈರುಳ್ಳಿ ದೊಣ್ಣೆಮೆಣಸಿನಕಾಯಿ ಬಾಡಿದ ಮೇಲೆ ಹಾಕಿ ದೊಡ್ಡ ಉರಿಯಲ್ಲಿ ಹುರಿಯಿರಿ, ಉಪ್ಪು ಕೊನೆಗೆ. ಕೊಳ್ಳುವಾಗ ಪ್ಯಾಕಿನ ಹಿಂದೆ ಕ್ಯಾಲ್ಸಿಯಂ ಸಲ್ಫೇಟ್ ಅಂತ ಇದೆಯಾ ನೋಡಿ. ಅದರಲ್ಲಿ ಹೆಪ್ಪುಗಟ್ಟಿಸಿದ ತೋಫುವಿನಲ್ಲೇ ಕ್ಯಾಲ್ಸಿಯಂ ಚೆನ್ನಾಗಿರುವುದು. ತೀರಾ ಸುಸ್ತಾದ ದಿನ ಗೊಜ್ಜವಲಕ್ಕಿ, ದಪ್ಪ ಅವಲಕ್ಕಿಯದೇ ಆಗಬೇಕು.

ಒಂದು ಸುಳಿವು ಕೊಡುತ್ತೇನೆ, ಖುಷಿಪಡುತ್ತೀರಿ. ಅಂಗಡಿಯ ಫ್ರೀಜರಿನಲ್ಲಿ ‘ಸುರ್ತಿ ಪಾಪ್ಡಿ ಲಿಲ್ವಾ’ ಅನ್ನುವ ಪ್ಯಾಕೆಟ್ ಇರುತ್ತದೆ, ಅದು ನಮ್ಮ ಅವರೆಕಾಳು. ‘ತುವೇರ್ ಲಿಲ್ವಾ’ ಹಸಿ ತೊಗರಿಕಾಳು. ರಾಗಿ ಹಿಟ್ಟು ‘ನಾಚನಿ’ ಹೆಸರಲ್ಲಿ ಸಿಗುತ್ತದೆ. ಸೊಗಡು ಮಾತ್ರ ಕೇಳಬೇಡಿ, ಮಾರ್ಗಶಿರದ ಅವರೆಯ ಸೊಗಡು ಫ್ರೀಜರಿನಲ್ಲಿ ಬರುವುದಿಲ್ಲ. ಆದರೂ ಅವರೆಕಾಳು ಉಪ್ಪಿಟ್ಟು ಮಾಡಿದ ದಿನ ಮನೆ ಮನೆಯಂತೆ ಇರುತ್ತದೆ.

ಇಡ್ಲಿ ಹಿಟ್ಟಿಗೆ ಬೇಕಾದ್ದು 28ರಿಂದ 30 ಡಿಗ್ರಿ. ರಾತ್ರಿ ಹೀಟಿಂಗ್ ಆರಿದ ಮೇಲೆ ನಿಮ್ಮ ಅಡುಗೆಮನೆ 16ಕ್ಕೆ ಇಳಿದಿರುತ್ತದೆ. ಓವನ್ನಿನ ದೀಪ ಮಾತ್ರ ಹಚ್ಚಿ ಒಳಗಿಡಿ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಹೊಸ ಓವನ್ನಿನಲ್ಲಿ ಎಲ್‌ಇಡಿ ದೀಪವಿದ್ದರೆ ಕಾವೇ ಬರುವುದಿಲ್ಲ. ಆಗ ಕೆಳಗೆ ಕುದಿಯುವ ನೀರಿನ ಪಾತ್ರೆ ಇಟ್ಟು, ಮಲಗುವ ಮುನ್ನ ಒಮ್ಮೆ ನೀರು ಬದಲಿಸಿ. ಅವಸರಕ್ಕೆ ಹೆಸರುಕಾಳು ದೋಸೆ: ರಾತ್ರಿ ನೆನೆಸಿದ ಒಂದು ಕಪ್ ಕಾಳು, ಎರಡು ಚಮಚ ಅಕ್ಕಿ, ಶುಂಠಿ, ಹಸಿಮೆಣಸು. ರುಬ್ಬಿದ ಕೂಡಲೇ ಹುಯ್ಯಬಹುದು.

ಪ್ರೋಟೀನ್ ಬಗ್ಗೆ ಕೇಳಿದ್ದೀರಿ. ಬೇಳೆ, ಕಾಳು, ತೋಫು ದಿನವೂ ಇದ್ದರೆ ಅದರ ಯೋಚನೆ ಬಿಡಿ. ನಾನು ನಿಮ್ಮನ್ನು ಕೂರಿಸಿಕೊಂಡು ಹೇಳಬೇಕಾದ್ದು ಇನ್ನೊಂದು. ನಮ್ಮ ಊಟದಿಂದ ತುಪ್ಪ ತೆಗೆದರೆ ಏನೂ ಕೊರತೆಯಾಗದು. ಮೊಸರು ತೆಗೆದರೆ ಆಗುತ್ತದೆ. ಅಜ್ಜಿ ತಾತ ಸಾರನ್ನ ತಿಂದೇ ಗಟ್ಟಿಮುಟ್ಟಾಗಿದ್ದರು ಅನ್ನುತ್ತೇವೆ, ಆ ಊಟದ ಕೊನೆಗೆ ಮಜ್ಜಿಗೆ ಇತ್ತು ಅನ್ನುವುದನ್ನು ಮರೆಯುತ್ತೇವೆ. ಅವರಿಗೆ ಬಿ12 ವಿಟಮಿನ್ ಬಂದದ್ದು ಅದರಿಂದಲೇ, ಅದೂ ಎಷ್ಟೋ ಜನರಿಗೆ ಸಾಲದೆ ಬಂದದ್ದು. ದೋಸೆ ಹಿಟ್ಟು ಹುಳಿ ಬಂದರೆ ಬಿ12 ಸಿಗುತ್ತದೆ, ಸ್ಪಿರುಲಿನಾ ತಿಂದರೆ ಸಾಕು ಅನ್ನುವ ಮಾತು ಕೇಳಬೇಡಿ.

ಈ ಕೊರತೆಯ ಕೆಟ್ಟ ಗುಣ ಅಂದರೆ ತಡವಾಗಿ ಕಾಣಿಸುವುದು. ಪಿತ್ತಜನಕಾಂಗದಲ್ಲಿರುವ ಬಿ12 ದಾಸ್ತಾನು ವರ್ಷಗಟ್ಟಲೆ ಬರುತ್ತದೆ. ಜೊತೆಗೆ ನಮ್ಮ ಸೊಪ್ಪು, ಕಾಳಿನಲ್ಲಿರುವ ಫೋಲೇಟ್ ಅನ್ನುವ ಇನ್ನೊಂದು ವಿಟಮಿನ್ ರಕ್ತಹೀನತೆಯನ್ನು ಮರೆಮಾಚುತ್ತದೆ, ನರಗಳಿಗೆ ಆಗುವ ಹಾನಿ ಒಳಗೊಳಗೇ ಸಾಗುತ್ತಿರುತ್ತದೆ. ಕೈಕಾಲು ಜೋಮು, ಮರೆವು, ಸುಸ್ತು, ಎಲ್ಲವನ್ನೂ ‘ಇಲ್ಲಿಯ ಚಳಿ’ ಅಂತ ತಳ್ಳಿಹಾಕಿದ ನಮ್ಮವರನ್ನು ನಾನು ಕಂಡಿದ್ದೇನೆ. ಮೊದಲೇ ಹೇಳುವವರಿದ್ದಿದ್ದರೆ ಅನ್ನುವ ಸಂಕಟ ಇವತ್ತಿಗೂ ಇದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿರುವುದು. ಇಲ್ಲಿನ ವೀಗನ್ ಸೊಸೈಟಿಯ ಲೆಕ್ಕದಲ್ಲಿ ದೊಡ್ಡವರಿಗೆ ದಿನಕ್ಕೆ 10 ಮೈಕ್ರೋಗ್ರಾಂ ಬಿ12 ಮಾತ್ರೆ, ಅಥವಾ ವಾರಕ್ಕೆ 2000. ಮಕ್ಕಳ ಪ್ರಮಾಣವನ್ನು ಜಿಪಿಯನ್ನೋ (ನಿಮ್ಮ ಬಡಾವಣೆಯ ಡಾಕ್ಟರು) ಡಯಟಿಷಿಯನ್ನನ್ನೋ ಕೇಳಿ. ಮಾತ್ರೆ ಶುರುಮಾಡುವ ಮುಂಚೆಯೇ ರಕ್ತ ಪರೀಕ್ಷೆ ಮಾಡಿಸಿ, ಆಮೇಲೆ ಮಾಡಿಸಿದರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಅಯೋಡಿನ್ ಯಾರಿಗೂ ಹೊಳೆಯುವುದಿಲ್ಲ. ಊರಲ್ಲಿ ಉಪ್ಪಿನಲ್ಲೇ ಬರುತ್ತಿತ್ತು. ಇಲ್ಲಿ ಸಾಮಾನ್ಯವಾಗಿ ಮಾರುವ ಉಪ್ಪಿಗೆ ಅಯೋಡಿನ್ ಸೇರಿಸಿರುವುದಿಲ್ಲ, ಇಲ್ಲಿಯವರಿಗೆ ಅದು ಮುಖ್ಯವಾಗಿ ಹಾಲು, ಮೀನಿನಿಂದ ಸಿಗುತ್ತದೆ. ನಿಮಗೆ ಎರಡೂ ಇಲ್ಲ. ಆದ್ದರಿಂದ ಬಿ12, ಡಿ, ಅಯೋಡಿನ್ ಮೂರೂ ಇರುವ ಮಾತ್ರೆ ಹುಡುಕಿ. ಮಕ್ಕಳ ಗಮ್ಮಿಗಳಲ್ಲಿ ಪ್ರಾಣಿಮೂಲದ ಜೆಲಟಿನ್, ಡಿ ವಿಟಮಿನ್ನಿನ ಡಿ3 ಬಗೆಯಲ್ಲಿ ಕುರಿ ಉಣ್ಣೆಯ ಅಂಶ ಇರಬಹುದು, ಡಬ್ಬಿ ಓದಿ. ಡಿ ವಿಟಮಿನ್ ದಿನಕ್ಕೆ 10 ಮೈಕ್ರೋಗ್ರಾಂ ಅಂತ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಹೇಳುತ್ತದೆ: ದೊಡ್ಡವರಿಗೆ, ನಾಲ್ಕು ದಾಟಿದ ಮಕ್ಕಳಿಗೆ ಶರತ್ಕಾಲ ಚಳಿಗಾಲದಲ್ಲಿ, ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ವರ್ಷವಿಡೀ, ನಮ್ಮಂತೆ ಕಪ್ಪು ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು.

ಹಾಲಿನ ಬದಲು ಸಕ್ಕರೆ ಹಾಕದ ಸೋಯಾ ಹಾಲು. ‘ಆರ್ಗಾನಿಕ್’ ಅಂತ ಬರೆದದ್ದು ಬೇಡ. ಆರ್ಗಾನಿಕ್ ನಿಯಮದ ಪ್ರಕಾರ ಅದಕ್ಕೆ ಕ್ಯಾಲ್ಸಿಯಂ, ಬಿ12 ಬೆರೆಸುವ ಹಾಗಿಲ್ಲ. ಬೆರೆಸಿದ ಹಾಲಿನಲ್ಲೂ ಕ್ಯಾಲ್ಸಿಯಂ ತಳಕ್ಕೆ ಕೂರುತ್ತದೆ, ಪ್ರತಿ ಸಲ ಅಲುಗಾಡಿಸಿ ಬಗ್ಗಿಸಿ. ಅಕ್ಕಿ ಹಾಲನ್ನು ಐದು ವರ್ಷದೊಳಗಿನವರಿಗೆ ಕೊಡಬಾರದು, ಆರ್ಸೆನಿಕ್ ಕಾರಣಕ್ಕೆ. ನಿಮ್ಮ ಚಿಕ್ಕದಕ್ಕೆ ಇದು ನೆನಪಿರಲಿ.

ಮೊಸರನ್ನಕ್ಕೆ ಸೋಯಾ ಮೊಸರೇ ಸರಿ. ತೆಂಗಿನ ಹಾಲಿನದು ರುಚಿ, ಆದರೆ ಬರೀ ಕೊಬ್ಬು. ಅನ್ನ ಮೆತ್ತಗೆ ಕಿವುಚಿ, ಉಗುರುಬೆಚ್ಚಗಾಗುವವರೆಗೆ ಕಾಯಿರಿ, ಬಿಸಿಗೆ ಹಾಕಿದರೆ ಒಡೆಯುತ್ತದೆ. ಒಂದು ಕಪ್ ಅನ್ನಕ್ಕೆ ಮುಕ್ಕಾಲು ಕಪ್ ಮೊಸರು, ಕಾಲು ಕಪ್ ಸೋಯಾ ಹಾಲು, ಚೂರು ನಿಂಬೆ ರಸ. ಸಾಸಿವೆ, ಇಂಗು, ಶುಂಠಿ, ಹಸಿಮೆಣಸಿನ ಒಗ್ಗರಣೆ. ಅಮ್ಮನ ಮಡಕೆ ಮೊಸರಿನ ರುಚಿ ಬರುವುದಿಲ್ಲ, ನಿಜ. ಮಕ್ಕಳು ಮಾತ್ರ ತಟ್ಟೆ ನೆಕ್ಕುತ್ತಾರೆ.

ಡಬ್ಬಿಗೆ ಬೇಗ ಹೇಳಿಬಿಡುತ್ತೇನೆ. ಹೆಚ್ಚಿನ ಶಾಲೆಗಳಲ್ಲಿ ಕಡಲೆಬೀಜ, ಗೋಡಂಬಿ ತರುವಂತಿಲ್ಲ, ಕೆಲವೆಡೆ ಎಳ್ಳೂ ಇಲ್ಲ. ಶೇಂಗಾ ಚಟ್ನಿಪುಡಿ ಮನೆಗೆ, ಡಬ್ಬಿಯ ಚಪಾತಿ ರೋಲಿಗೆ ಹುರಿಗಡಲೆ ಅಥವಾ ಅಗಸೆ ಚಟ್ನಿಪುಡಿ. ಅಗಸೆಯಲ್ಲಿ ಒಮೆಗಾ-3 ಇದೆ, ಆದರೆ ಪುಡಿ ಮಾಡದಿದ್ದರೆ ಜೀರ್ಣವಾಗದು. ಚಿಕ್ಕದು ಸರ್ಕಾರಿ ಶಾಲೆಯ ರಿಸೆಪ್ಷನ್ನಿಗೆ (ಒಂದನೇ ತರಗತಿಗೂ ಮುಂಚಿನ ವರ್ಷ) ಸೇರಿದ್ದರೆ ಮಧ್ಯಾಹ್ನದ ಊಟ ಶಾಲೆಯಲ್ಲೇ ಉಚಿತ. ಇಲ್ಲಿ ವೆಜಿಟೇರಿಯನ್ ಅಂದರೆ ಚೀಸು, ಮೊಟ್ಟೆ ಎಲ್ಲ ಬರುತ್ತದೆ, ವೀಗನ್ ಅಂತ ಶಾಲೆಗೆ ಬರಹದಲ್ಲೇ ಕೊಡಿ.

ಅಮ್ಮನ ಕೈಲಿ ಬ್ಯಾಡಗಿ ಮೆಣಸಿನಕಾಯಿ, ಮನೆಯ ಸಾರಿನ ಪುಡಿ, ಅಗಸೆ ಮತ್ತು ಗುರೆಳ್ಳು ತರಿಸಿ. ಅಕ್ಕಿ ಬೇಳೆ ಹೊತ್ತು ತರುವುದು ಬೇಡ. ನಿಮ್ಮದು ಇಂಡಕ್ಷನ್ ಒಲೆಯಾದರೆ ಸಾದಾ ಅಲ್ಯೂಮಿನಿಯಂ ಕುಕ್ಕರ್ ಕಾಯುವುದಿಲ್ಲ, ಇಂಡಕ್ಷನ್ ತಳದ ಸ್ಟೀಲಿನದೇ ಆಗಬೇಕು. ಮಿಕ್ಸಿ ಧಾರಾಳವಾಗಿ ತರಲಿ, ಇಲ್ಲೂ 230 ವೋಲ್ಟೇ, ಪ್ಲಗ್ ಒಂದು ಬದಲಿಸಿದರೆ ಆಯಿತು. ಮೊಮ್ಮಕ್ಕಳಿಗೆ ಅಂತ ಧಾರವಾಡ ಪೇಡ ಕಟ್ಟಿಕೊಳ್ಳುವುದು ಬೇಡ ಅಂತಲೂ ಮುಂಚೆಯೇ ಹೇಳಿಬಿಡಿ, ನೀವು ವೀಗನ್ ಆಗಿರಲಿ ಬಿಡಲಿ, ಹಾಲಿನ ಪದಾರ್ಥವನ್ನು ಭಾರತದಿಂದ ಒಳಗೆ ತರಲು ಇಲ್ಲಿ ಬಿಡುವುದಿಲ್ಲ.