ಹಿನ್ನೀರಿನ ಬಳಿ ಟೆಂಟ್, ಸೊಳ್ಳೆ ಕಾಟ

ಕೆಆರ್‌ಎಸ್ ಹಿನ್ನೀರಿನ ಹತ್ತಿರ ಟೆಂಟ್ ಹಾಕಿದ್ದಿರಿ, ಮಕ್ಕಳ ಕೈಕಾಲೆಲ್ಲ ದದ್ದು ಎದ್ದಿತು, ಮುಂದಿನ ಸಲ ಏನು ಮಾಡೋದು ಅಂತ ಕೇಳಿದ್ದೀರಿ. ಓದಿ ಪಾಪ ಅನ್ನಿಸಿತು. ನಮ್ಮ ಮಗಳಿಗೂ ಹೀಗೇ ಆಗಿತ್ತು. ಬೆಳಿಗ್ಗೆ ನೋಡಿದರೆ ಕಾಲುಚೀಲದ ಅಂಚಿನ ಮೇಲೆ ಸಾಲಾಗಿ ಹನ್ನೊಂದು ಗುಳ್ಳೆ.

ಮೊದಲು ಜಾಗ ಬದಲಿಸಿ. ನೀರಿನ ಅಂಚು, ಗದ್ದೆ ಬದಿ, ನಾಲೆ ಪಕ್ಕ ಬೇಡ. ನಿಂತ ನೀರಲ್ಲೇ ಅಲ್ವಾ ಸೊಳ್ಳೆ ಮೊಟ್ಟೆ ಇಡೋದು? ಸ್ವಲ್ಪ ಎತ್ತರದಲ್ಲಿ, ಗಾಳಿ ಆಡುವ ಕಡೆ ಹಾಕಿ. ಗಾಳಿ ಜೋರಾಗಿದ್ದರೆ ಸೊಳ್ಳೆಗೆ ಹಾರೋದು ಕಷ್ಟ. ಚಾರ್ಜ್ ಮಾಡುವ ಸಣ್ಣ ಫ್ಯಾನ್ ಇದ್ದರೂ ಉಪಯೋಗಕ್ಕೆ ಬರುತ್ತದೆ.

ಮುಸ್ಸಂಜೆಗೆ ಕಾಟ ಜಾಸ್ತಿ. ಐದೂವರೆಗೇ ಮಕ್ಕಳಿಗೆ ತುಂಬುತೋಳಿನ ಸಡಿಲ ಅಂಗಿ, ಪ್ಯಾಂಟ್ ಹಾಕಿಬಿಡಿ. ಟಾರ್ಚ್ ಹಾಕುವ ಮುಂಚೆ ಟೆಂಟಿನ ಜಿಪ್ ಎಳೆಯಿರಿ. ಕಡಿದದ್ದು ನೊರಜಾದರೆ ಮಾಮೂಲಿ ಸೊಳ್ಳೆಪರದೆ ಸಾಲದು, ಇನ್ನೂ ಸಣ್ಣ ಕಣ್ಣಿನ ಬಲೆ ಬೇಕು. ಡೀಟ್ (ಸೊಳ್ಳೆ ಹತ್ತಿರ ಬಾರದಂತೆ ಮಾಡುವ ರಾಸಾಯನಿಕ) ಇರುವ ಕ್ರೀಮನ್ನು 2 ತಿಂಗಳೊಳಗಿನ ಕೂಸಿಗೆ ಹಚ್ಚಬಾರದು. ದೊಡ್ಡ ಮಕ್ಕಳಿಗೂ ಅಂಗೈಗೆ ಬೇಡ, ಬಾಯಿಗೆ ಹೋಗುತ್ತದೆ. ಟೆಂಟೊಳಗೆ ಕಾಯಿಲ್ ಮಾತ್ರ ಹಚ್ಚಲೇಬೇಡಿ. ಹೊಗೆ ಒಂದು ಕಡೆ, ಬೆಂಕಿಯ ಭಯ ಇನ್ನೊಂದು ಕಡೆ.

ಈಗಿನ ದದ್ದಿಗೆ ತಣ್ಣೀರ ಬಟ್ಟೆ, ತುರಿಕೆಗೆ ಹಚ್ಚುವ ಕ್ಯಾಲಮೈನ್ ಲೋಷನ್ ಸಾಕು. ಎರಡು ವಾರದೊಳಗೆ ಜ್ವರ ಬಂದರೆ ಸುಮ್ನೆ ಕೂರಬೇಡಿ, ಡಾಕ್ಟರಿಗೆ ತೋರಿಸಿ, ಎಲ್ಲಿ ಹೋಗಿದ್ದಿರಿ ಅಂತಲೂ ಹೇಳಿ.