ಎಲ್ಲದಕ್ಕೂ ಹೂಂ ಅಂತೀನಿ ಅಕ್ಕಾ, ನಂಗೇನು ಬೇಕು ಅಂತ್ಲೇ ಗೊತ್ತಿಲ್ಲ

ಪ್ರಶ್ನೆ: ಅಕ್ಕಾ, ನಂಗೆ 18 ವರ್ಷ, ಗೋಣಿಕೊಪ್ಪ ಹತ್ರ ಊರು, ಸೆಕೆಂಡ್ ಪಿಯುಸಿ ಪರೀಕ್ಷೆ ಮುಗೀತು. ಅಜ್ಜ ಮಿಲಿಟರಿಲಿದ್ರು, ಅಪ್ಪಂಗೆ ಆಗ್ಲಿಲ್ಲ, ಈಗ ನಾನು ಹೋಗ್ಬೇಕಂತೆ, ಹೂಂ ಅಂದೆ. ಸರ್ ಒಬ್ರು ಫಾರೆಸ್ಟ್ರಿ ಓದು ಅಂದ್ರು, ಅದಕ್ಕೂ ಹೂಂ ಅಂದು ಸಿಇಟಿಗೆ ಅರ್ಜಿ ಹಾಕ್ದೆ. ಫ್ರೆಂಡ್ಸ್ ಬೆಂಗಳೂರಿಗೆ ಕರೀತಿದಾರೆ, ಅದಕ್ಕೂ ಹೂಂ. ನಿಂಗೇನು ಬೇಕೋ ಅಂತ ಯಾರಾದ್ರೂ ಕೇಳಿದ್ರೆ ಮಾತ್ರ ತಲೆ ಖಾಲಿ. ರಾತ್ರಿ ಮೂರಕ್ಕೆ ಕರೆಂಟ್ ಬಂದಾಗ ಎದ್ದು ತೋಟದಲ್ಲಿ ಸ್ಪ್ರಿಂಕ್ಲರ್ ಪೈಪ್ ಬದಲಾಯಿಸ್ತಾ ಅನ್ಸುತ್ತೆ, ಮಳೆ ಬಂದ್ರೆ ಕಾಫಿ ಹೂ, ಇಲ್ಲಾಂದ್ರೆ ಇಲ್ಲ, ನಮ್ ಲೈಫೂ ಅಷ್ಟೇ, ನಮ್ಮ ಕೈಲೇನಿದೆ?

ಉತ್ತರ: ತಮ್ಮಾ, ಮಳೆ ನಮ್ಮ ಕೈಲಿಲ್ಲ ಅಂತ ಬರೆದವ್ನು ಮಳೆಗೆ ಕಾಯದೆ ನಡುರಾತ್ರಿ ಎದ್ದು ಪೈಪ್ ಹೊರ್ತಿದೀಯಲ್ಲೋ! ಹೂಮಳೆ ತಪ್ಪಿದ್ರೆ ಕೆರೆ ನೀರಲ್ಲಾದ್ರೂ ರೊಬಸ್ಟಾ ಕಾಫಿಗೆ ಹೂ ಬರಿಸ್ತೀವಿ ಅನ್ನೋ ಮನೇಲಿ ಬೆಳೆದವ್ನು ನೀನು.

ಜೂಲಿಯನ್ ರಾಟರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ 1966ರಲ್ಲಿ ಇದನ್ನೇ ಅಳೆಯೋಕೆ 29 ಜೋಡಿ ವಾಕ್ಯಗಳ ಒಂದು ಪ್ರಶ್ನಾವಳಿ ಕೊಟ್ರು, ಆಗೋದೆಲ್ಲ ನನ್ನ ಪ್ರಯತ್ನದಿಂದ ಅಂತ ನಂಬ್ತೀಯಾ ಇಲ್ಲಾ ಅದೃಷ್ಟ, ಬೇರೆಯವ್ರ ಕೈಲಿದೆ ಅಂತೀಯಾ ಅಂತ. ಹಾಗಂತ ಎಲ್ಲಾ ನನ್ ಕೈಲೇ ಇದೆ ಅಂದ್ಕೊಳ್ಳೋದೂ ತಪ್ಪು. 2018ರ ಆಗಸ್ಟಲ್ಲಿ ಕೊಡಗಲ್ಲಿ ಗುಡ್ಡ ಜರಿದು ಮನೆ ತೋಟ ಕಳ್ಕೊಂಡವ್ರಿಗೆ ಪ್ರಯತ್ನ ಸಾಲ್ಲಿಲ್ಲ ಅಂತ ಯಾರಾದ್ರೂ ಹೇಳೋಕಾಗತ್ತಾ?

ನಿನ್ನ ತಲೆ ಖಾಲಿ ಅನ್ನೋದಕ್ಕೆ ಬರ್ತೀನಿ. ಜೇಮ್ಸ್ ಮಾರ್ಸಿಯಾ ಅನ್ನೋ ಮನಶ್ಶಾಸ್ತ್ರಜ್ಞ, ಅದೇ 1966ರಲ್ಲಿ, ಕಾಲೇಜು ಹುಡುಗ್ರನ್ನ ಮಾತಾಡ್ಸಿ, ನಾನ್ಯಾರು, ಏನಾಗ್ಬೇಕು ಅನ್ನೋ ಹುಡುಕಾಟದಲ್ಲಿ ನಾಲ್ಕು ಸ್ಥಿತಿ ಗುರುತಿಸಿದ್ರು. ಹುಡುಕಾಟವೂ ಇಲ್ಲ ನಿರ್ಧಾರವೂ ಇಲ್ಲ ಅನ್ನೋರು, ಹುಡುಕದೆ ಅಪ್ಪ ಅಮ್ಮ ಹೇಳಿದ್ದನ್ನೇ ಒಪ್ಕೊಂಡೋರು, ಇನ್ನೂ ಹುಡುಕ್ತಾ ಒದ್ದಾಡ್ತಿರೋರು, ಹುಡುಕಿ ತಮ್ಮದು ಅಂತ ಒಂದನ್ನ ಹಿಡಿದೋರು. ಮೂರು ಜನಕ್ಕೆ ಮೂರು ಹೂಂ ಕೊಟ್ಟಿದೀಯ, ಅಂದ್ರೆ ಇಷ್ಟು ದಿನ ಮೊದಲ್ನೇ ಗುಂಪಲ್ಲಿದ್ದೆ, ಈ ಪತ್ರ ಬರೆದ ದಿನವೇ ಮೂರನೇದಕ್ಕೆ ಕಾಲಿಟ್ಟೆ ಅಂತ ನನ್ನ ಲೆಕ್ಕ. ಈ ಒದ್ದಾಟ ಕಾಯಿಲೆ ಅಲ್ಲ ಕಣೋ. ಆದ್ರೆ ವಾರಗಟ್ಲೆ ನಿದ್ದೆ ಊಟ ಸೇರದೆ ಇದ್ರೆ, ಬದುಕೇ ಬೇಡ ಅನ್ಸಿದ್ರೆ, ತಡ ಮಾಡದೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

ಮಿಲಿಟರಿ ಬೇಡ ಅಂತ ನಾನು ಹೇಳ್ತಿಲ್ಲ, ಅಪ್ಪನ ಆಸೆಯೇ ನಿನ್ನದೂ ಆಗ್ಬಹುದು, ಆದ್ರೆ ನೋಡಿ ಆಗ್ಲಿ. ಅಜ್ಜನ ಕಾಲದ ಸೇರ್ಪಡೆ ಬೇರೆ, 2022ರಿಂದ ಅಗ್ನಿವೀರ್ ಅಂದ್ರೆ ನಾಲ್ಕು ವರ್ಷ, ಆಮೇಲೆ ಹೆಚ್ಚಂದ್ರೆ ನೂರರಲ್ಲಿ 25 ಜನರನ್ನ ಉಳಿಸ್ಕೊಳ್ತಾರೆ, ಇದು ಅಪ್ಪಂಗೆ ಗೊತ್ತಾ ಕೇಳು. ರಜೆಗೆ ಬಂದಿರೋ ಹುಡುಗ ಯಾರಾದ್ರೂ ಊರಲ್ಲಿದ್ರೆ ಬೆಳಿಗ್ಗೆ ಎದ್ದಾಗಿಂದ ಮಲಗೋವರೆಗೆ ಏನ್ಮಾಡ್ತೀರಿ ಅಂತ ವಿಚಾರಿಸು. ಇನ್ನೊಂದಿನ ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿಗೆ ಹೋಗು, ನಿಮ್ಮೂರಿಂದ ಹತ್ರಾನೇ, ಅಲ್ಲಿ ಓದೋರ ಜೊತೆ ಒಂದು ಟೀ ಕುಡಿ. ವಾಪಸ್ ಬರೋ ಬಸ್ಸಲ್ಲಿ ಮನಸ್ಸು ಯಾವುದನ್ನ ಮತ್ತೆ ಮತ್ತೆ ನೆನೀತಿತ್ತು ಅಂತ ಬರೆದಿಡು. ಅಲ್ಲಿವರೆಗೆ ಯಾರೇ ಕೇಳಿದ್ರೂ ಹೂಂ ಬದ್ಲು ‘ಯೋಚ್ನೆ ಮಾಡಿ ಹೇಳ್ತೀನಿ’ ಅನ್ನು.

ಅಪ್ಪನ ಮುಂದೆ ಕೂತು ಮಾತಾಡೋಕೆ ಧೈರ್ಯ ಬರದಿದ್ರೆ ಪೈಪಿನ ಇನ್ನೊಂದು ತುದಿ ಅವ್ರ ಕೈಲಿರುವಾಗ, ಕತ್ತಲಲ್ಲೇ, ಹೇಳ್ಬಿಡು. ಏನಂದ್ರು ಅಂತ ನಂಗೂ ಬರಿ.